ವಿಮಾನದ ಬ್ಯಾಟರಿಯೂ ನಮ್ಮ ಮನೆಯ ಬ್ಯಾಟರಿಯೂ

ಮೇ ತಿಂಗಳು ಬಂತೆಂದರೆ ಈ ಪುಟಗಳಲ್ಲಿ ಬೋರ್ಡೋ ದ್ರಾವಣ, ಕೊಳೆರೋಗ, ಕಾಫಿ ತೋಟದ ಮರಗಸಿ ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಬಾರಿ ಅದನ್ನು ಬಿಟ್ಟು ಬ್ಯಾಟರಿಯ ವಿಚಾರಕ್ಕೆ, ಅದರಲ್ಲಿಯೂ ವಿಮಾನದ ಬ್ಯಾಟರಿಯ ವಿಚಾರಕ್ಕೆ ಕೈಹಾಕಿದ್ದೇವೆ. ತೋಟಗಾರರಿಗೂ ವಿಮಾನಕ್ಕೂ ಏನು ಸಂಬಂಧ ಎಂದು ಬೆಳೆಗಾರ ಬಂಧುಗಳು ಕೇಳಬಹುದು. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನು ಮೊದಲು ಹೇಳಿದರೆ ಸಂಬಂಧ ತಾನಾಗಿಯೇ ತಿಳಿಯುತ್ತದೆ.

ನಮ್ಮ ತಂದೆಯವರಿಗೆ ಎಪ್ಪತ್ತೆಂಟು ವರ್ಷ, ಉಬ್ಬಸದ ಕಾಯಿಲೆ. ಉಸಿರು ಕಟ್ಟಿದಾಗ ಔಷಧಿಯನ್ನು ಮಂಜಿನಂತೆ ಮಾಡಿ ಮೂಗಿಗೆ ಹಿಡಿಯುವ ನೆಬ್ಯುಲೈಸರ್ ಯಂತ್ರವನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದೇವೆ. ಪುಷ್ಯ ಮಳೆ ಹಿಡಿದ ಒಂದು ಸಂಜೆ ಏಳು ಗಂಟೆಗೆ ವಿದ್ಯುತ್ತು ಹೋಯಿತು. ಇನ್ವರ್ಟರ್ ಇದೆಯಲ್ಲ ಎಂಬ ಧೈರ್ಯದಲ್ಲಿ ಎರಡು ದೀಪ ಹಚ್ಚಿ ಊಟ ಮುಗಿಸಿ ಮಲಗಿದೆವು. ರಾತ್ರಿ ಹನ್ನೊಂದಕ್ಕೆ ತಂದೆಯವರಿಗೆ ಉಸಿರು ಕಟ್ಟಿತು. ಯಂತ್ರ ಹಚ್ಚಿ ಐದು ನಿಮಿಷವಾಗಿರಲಿಲ್ಲ, ಇನ್ವರ್ಟರ್ ಕೂಗಿಕೊಂಡು ನಿಂತೇ ಹೋಯಿತು. ಜೀಪಿನ ಕೀಲಿ ತಿರುಗಿಸಿದರೆ ಅಲ್ಲಿಯೂ ಟಿಕ್ ಟಿಕ್ ಎಂಬ ಸದ್ದು ಮಾತ್ರ. ಲೈನು ಮನೆಯಿಂದ ಇಬ್ಬರನ್ನು ಎಬ್ಬಿಸಿ, ಕಣದ ಇಳಿಜಾರಿನಲ್ಲಿ ಜೀಪು ನೂಕಿಸಿ ಸ್ಟಾರ್ಟ್ ಮಾಡಿ, ಮಂಕು ದೀಪದಲ್ಲಿ ಆ ಮಳೆಯೊಳಗೆ ಪೇಟೆ ತಲುಪುವಾಗ ಒಂದು ಗಂಟೆ ದಾಟಿತ್ತು. ಇಷ್ಟು ತಡವೇಕೆ ಎಂದು ವೈದ್ಯರು ನಮ್ಮನ್ನು ಗದರಿದರು. ತಂದೆಯವರು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು.

ಇನ್ವರ್ಟರಿನ ಬ್ಯಾಟರಿಗೆ ಆಗಿನ್ನೂ ಎರಡೂವರೆ ವರ್ಷ ತುಂಬಿರಲಿಲ್ಲ. ಮಾರಿದವರನ್ನು ನಾಲ್ಕು ಮಾತು ಅಂದುಬಿಡೋಣವೆಂದು ಹೊರಟಿದ್ದೆವು. ಅಷ್ಟರಲ್ಲಿ ಪಕ್ಕದ ತೋಟದ ರಾಯರು ತಂದೆಯವರನ್ನು ನೋಡಲು ಬಂದರು. ಇವರು ವಾಯುಪಡೆಯಲ್ಲಿದ್ದು, ನಿವೃತ್ತರಾಗಿ ಬಂದು ಹಿರಿಯರ ಮೂರೆಕರೆ ಅಡಿಕೆ, ಎರಡೆಕರೆ ರೊಬಸ್ಟಾ ನೋಡಿಕೊಂಡಿರುವವರು. ಊರಿನಲ್ಲಿ ‘ವಿಮಾನದ ರಾಯರು’ ಎಂದೇ ಹೆಸರು. ವಿಮಾನದಲ್ಲಿ ಏನು ಕೆಲಸ ಮಾಡುತ್ತಿದ್ದರೆಂದು ನಾವು ಇಷ್ಟು ವರ್ಷ ಕೇಳಿಯೇ ಇರಲಿಲ್ಲ. ಜಾಲಹಳ್ಳಿಯಲ್ಲಿ ತರಬೇತಿ ಪಡೆದು, ಸೇವೆಯ ಬಹುಭಾಗವನ್ನು ಅವರು ಕಳೆದದ್ದು ವಿಮಾನಗಳ ಬ್ಯಾಟರಿ ಕೋಣೆಯಲ್ಲಿ.

ರಾಯರು ಮೆಟ್ಟಿಲ ಕೆಳಗಿನ ಬಾಗಿಲು ತೆಗೆದು, ಟಾರ್ಚ್ ಹಿಡಿದು, ಬ್ಯಾಟರಿಯ ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿದರು. ಆರು ಸೆಲ್ಲುಗಳಲ್ಲಿ ಮೂರರಲ್ಲಿ ಪ್ಲೇಟುಗಳು ನೀರಿನಿಂದ ಮೇಲೆ ಒಣಗಿ ನಿಂತಿದ್ದವು.

‘ಇದೇನು ಮಾರಾಯ್ರೇ, ಇದಕ್ಕೆ ಯಾವ ನೀರು ಹಾಕಿದ್ದು?’

ಬಾವಿಯ ನೀರು ಹಾಕಿಸಿದ್ದೆವು. ಒಮ್ಮೆ ಬಟ್ಟಿ ಇಳಿಸಿದ ನೀರಿನ ಡಬ್ಬಿ ಖಾಲಿಯಾಗಿತ್ತು. ಪೇಟೆಗೆ ಹೋಗಿ ತರಲು ಬೇಸರ. ಹಾಗೆ ಹಾಕಿಸಿದ ಮೇಲೆ ಎಂಟು ತಿಂಗಳು ಅತ್ತ ಯಾರೂ ತಿರುಗಿ ನೋಡಿರಲಿಲ್ಲ. ರಾಯರು ಬಯ್ಯಲಿಲ್ಲ. ಆದರೆ ಆ ದಿನದಿಂದ ಮುಂದೆ ಹಲವು ಸಂಜೆ ಅವರ ಜಗುಲಿಯಲ್ಲಿ ಕುಳಿತು ಕೇಳಿ ತಿಳಿದದ್ದನ್ನೂ, ಆಮೇಲೆ ಪುಸ್ತಕ ನೋಡಿ ತಾಳೆ ಹಾಕಿದ್ದನ್ನೂ ಸದಸ್ಯರ ಮುಂದಿಡುತ್ತಿದ್ದೇವೆ.

ಒಳಗೆ ನಡೆಯುವುದು

ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಮತ್ತೆ ಮತ್ತೆ ಚಾರ್ಜು ಮಾಡಬಲ್ಲ ಬ್ಯಾಟರಿಯನ್ನು ಮೊದಲು ಮಾಡಿದವನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ, 1859ರಲ್ಲಿ. 1881ರಲ್ಲಿ ಅದೇ ದೇಶದ ಕಾಮಿಲ್ ಫೋರ್ ಎಂಬಾತ ತಗಡಿಗೆ ಸೀಸದ ಲೇಪ ಕೊಡುವ ವಿಧಾನ ಕಂಡುಹಿಡಿದ ಮೇಲೆ ಅದು ಕಾರ್ಖಾನೆಯ ಸರಕಾಯಿತು. ಇಂದು ಜೀಪಿನಲ್ಲಿ, ಇನ್ವರ್ಟರಿನ ಕೆಳಗೆ, ಆನೆ ತಡೆಯುವ ಸೋಲಾರ್ ಬೇಲಿಯ ಪೆಟ್ಟಿಗೆಯಲ್ಲಿ, ಸಣ್ಣ ವಿಮಾನದ ಹೊಟ್ಟೆಯಲ್ಲಿ ಇರುವುದೆಲ್ಲ ಇದರ ಸಂತತಿಯೇ.

ಚಾರ್ಜು ತುಂಬಿದಾಗ ಒಂದು ಗುಂಪಿನ ಪ್ಲೇಟುಗಳಲ್ಲಿ ಕಂದುಬಣ್ಣದ ಸೀಸದ ಡೈಆಕ್ಸೈಡು, ಇನ್ನೊಂದರಲ್ಲಿ ಬೂದುಬಣ್ಣದ ಸ್ಪಂಜಿನಂಥ ಸೀಸ ಇರುತ್ತದೆ. ವಿದ್ಯುತ್ತನ್ನು ಎಳೆದಂತೆ ಎರಡೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ. ಆಮ್ಲ ಖರ್ಚಾಗಿ ನೀರು ಹುಟ್ಟುತ್ತದೆ. ಆದ್ದರಿಂದಲೇ ಬ್ಯಾಟರಿ ಇಳಿದಷ್ಟೂ ಅದರ ದ್ರವ ತೆಳ್ಳಗಾಗುತ್ತದೆ. ಹೈಡ್ರೋಮೀಟರಿನಿಂದ ದ್ರವದ ಸಾಂದ್ರತೆ ಅಳೆದರೆ ಎಷ್ಟು ಚಾರ್ಜು ಉಳಿದಿದೆ ಎಂದು ತಿಳಿಯುವುದು ಹೀಗೆ. ಮತ್ತೆ ಚಾರ್ಜು ಮಾಡಿದಾಗ ಸಲ್ಫೇಟು ಕರಗಿ ಆಮ್ಲ ದ್ರವಕ್ಕೆ ಮರಳುತ್ತದೆ. ಆದರೆ ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಆ ಸಲ್ಫೇಟು ಗಟ್ಟಿ ಹರಳುಗಟ್ಟಿ ಕೂರುತ್ತದೆ. ನೀರು ತಾಗಿದ ಸಿಮೆಂಟು ಚೀಲ ಒಳಗೊಳಗೇ ಕಲ್ಲಾದಂತೆ. ಆಮೇಲೆ ಎಷ್ಟು ಚಾರ್ಜು ಕೊಟ್ಟರೂ ಅದು ಪೂರ್ತಿ ಕರಗುವುದಿಲ್ಲ.

ನಮ್ಮ ಕಡೆ ಬ್ಯಾಟರಿಗಳು ಸಾಯುವುದಕ್ಕೆ ಮುಖ್ಯ ಕಾರಣ ಎರಡೇ ಎಂದು ರಾಯರ ಅಭಿಪ್ರಾಯ: ಒಂದು, ಇಳಿದದ್ದನ್ನು ಹಾಗೆಯೇ ಬಿಡುವುದು, ಇನ್ನೊಂದು, ನೀರು ನೋಡದಿರುವುದು. ನಾವು ಎರಡನ್ನೂ ಮಾಡಿದ್ದೆವು.

ಬ್ಯಾಟರಿ ಕೋಣೆಯ ಶಿಸ್ತು

ವಿಮಾನದ ಬ್ಯಾಟರಿಯೂ ಇದೇ ಜಾತಿಯದು, ಆದರೆ ಮೈಕಟ್ಟು ಬೇರೆ. ಪ್ರತಿ ಸೆಲ್ಲಿಗೆ ಸುಮಾರು 2 ವೋಲ್ಟಿನಂತೆ ಜೀಪಿನ ಬ್ಯಾಟರಿಯಲ್ಲಿ 6 ಸೆಲ್ಲುಗಳಿದ್ದರೆ, 24 ವೋಲ್ಟಿನ ವಿಮಾನ ಬ್ಯಾಟರಿಯಲ್ಲಿ 12. ಆಕಾಶದಲ್ಲಿ ಒಂದೊಂದು ಕಿಲೋ ತೂಕಕ್ಕೂ ಲೆಕ್ಕವಿರುವುದರಿಂದ ಪ್ಲೇಟುಗಳು ತೆಳು, ಆಮ್ಲದ ಪ್ರಮಾಣ ಕಡಿಮೆ. ಆ ಆಮ್ಲ ಮಾತ್ರ ಹೆಚ್ಚು ಗಟ್ಟಿ. ಪೂರ್ತಿ ಚಾರ್ಜಾದ ವಿಮಾನ ಬ್ಯಾಟರಿಯ ಸಾಂದ್ರತೆ 1.275ರಿಂದ 1.300ರ ನಡುವೆ ಇರಬೇಕು. 1.240ಕ್ಕೆ ಇಳಿಯಿತೆಂದರೆ ಮಧ್ಯಮ, 1.240ರಿಂದ 1.200ರವರೆಗೆ ಕಡಿಮೆ ಎಂದೇ ಲೆಕ್ಕ. ನಮ್ಮ ಮನೆಗಳ ಟ್ಯೂಬುಲಾರ್ ಬ್ಯಾಟರಿ ಸೆಕೆಯ ನಾಡಿಗೆಂದು ಮಾಡಿದ್ದು. ಅದಕ್ಕೆ ಸಾಮಾನ್ಯವಾಗಿ 1.240ರ ಆಸುಪಾಸು ಇದ್ದರೆ ಪೂರ್ತಿ ತುಂಬಿದಂತೆ. ಆದ್ದರಿಂದ ಬ್ಯಾಟರಿಯ ಮೈಮೇಲಿನ ಚೀಟಿಯನ್ನು ಓದದೆ ಪಕ್ಕದ ಮನೆಯ ಅಂಕಿಗೆ ಹೋಲಿಸಿ ಗಾಬರಿಯಾಗಬಾರದು. ಅಳತೆಯೆಲ್ಲ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಿದ್ದು; ದ್ರವ ಅದಕ್ಕಿಂತ 10 ಡಿಗ್ರಿ ಬಿಸಿಯಿದ್ದರೆ ಓದಿದ ಅಂಕಿಗೆ 0.007 ಕೂಡಿಸಬೇಕು, ತಣ್ಣಗಿದ್ದರೆ ಅಷ್ಟೇ ಕಳೆಯಬೇಕು.

ವಿಮಾನ ವಾಲುತ್ತದೆ, ಕೆಲವು ತಲೆಕೆಳಗೂ ಆಗುತ್ತವೆ. ಆಗ ಆಮ್ಲ ಚೆಲ್ಲದಂತೆ ಸೆಲ್ಲಿನ ಮುಚ್ಚಳದೊಳಗೆ ಪುಟ್ಟ ಸೀಸದ ಗುಂಡೊಂದನ್ನು ಇಟ್ಟಿರುತ್ತಾರೆ. ಬ್ಯಾಟರಿ ಮಗುಚಿದೊಡನೆ ಅದು ಜಾರಿ ಬಂದು ಗಾಳಿಕಿಂಡಿ ಮುಚ್ಚುತ್ತದೆ. ಬ್ಯಾಟರಿ ಪೆಟ್ಟಿಗೆಗೆ ಎರಡು ಕೊಳವೆ: ಹಾರಾಟದ ಗಾಳಿ ಒಂದರಿಂದ ನುಗ್ಗಿ ಒಳಗಿನ ಅನಿಲವನ್ನು ಇನ್ನೊಂದರಿಂದ ಹೊರಗೆ ಒಯ್ಯುತ್ತದೆ. ಹೊರಹೋಗುವ ದಾರಿಯಲ್ಲಿ ಒಂದು ಜಾಡಿ. ಅದರಲ್ಲಿ ಅಡಿಗೆ ಸೋಡದ ನೀರಿನಲ್ಲಿ ನೆನೆಸಿದ ಮೆತ್ತೆ. ಆಮ್ಲದ ಹನಿಯೇನಾದರೂ ಬಂದರೆ ಅಲ್ಲಿಯೇ ಶಮನವಾಗಬೇಕು. ಏಕೆಂದರೆ ವಿಮಾನದ ಮೈ ಅಲ್ಯೂಮಿನಿಯಮ್ಮಿನದು, ಸೋರಿದ ಆಮ್ಲ ಅದನ್ನು ಬಿಳಿ ಪುಡಿಯಾಗಿ ತಿಂದುಹಾಕುತ್ತದೆ. ಇಷ್ಟೆಲ್ಲ ಕೇಳುತ್ತಿರುವಾಗ ನಮಗೆ ಮೆಟ್ಟಿಲ ಕೆಳಗಿನ ನಮ್ಮ ಬ್ಯಾಟರಿ, ಅದರ ಮೇಲೆ ಪೇರಿಸಿಟ್ಟ ಹಳೆಯ ಗೋಣಿಚೀಲ ನೆನಪಾಗಿ ನಾಚಿಕೆಯಾಯಿತು.

ಲೇಹ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 10,600 ಅಡಿಗೂ ಮೇಲಿದೆ. ಅಲ್ಲಿ ಚಳಿಗಾಲದ ರಾತ್ರಿ ಬ್ಯಾಟರಿಯನ್ನು ಇಳಿದ ಸ್ಥಿತಿಯಲ್ಲಿ ಬಿಟ್ಟರೆ ಬೆಳಿಗ್ಗೆ ಒಳಗೆ ಮಂಜುಗಡ್ಡೆ! ಸಾಂದ್ರತೆ 1.100ಕ್ಕೆ ಇಳಿದ ದ್ರವ ಸೊನ್ನೆಗಿಂತ ಕೇವಲ 7 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, 1.275 ಇರುವುದು ಸೊನ್ನೆಗಿಂತ 62 ಡಿಗ್ರಿ ಕೆಳಗೆ ಹೋಗುವವರೆಗೂ ಗಟ್ಟಿಯಾಗುವುದಿಲ್ಲ. ಒಂದೇ ಬ್ಯಾಟರಿ, ತುಂಬಿದ್ದರೆ ಉಳಿಯುತ್ತದೆ, ಇಳಿದಿದ್ದರೆ ಒಡೆಯುತ್ತದೆ. ನಮ್ಮಲ್ಲಿ ಹಿಮವಿಲ್ಲ, ಸೆಕೆ ಇದೆ. ಸೆಕೆಯಲ್ಲಿ ಬ್ಯಾಟರಿ ತಾನಾಗಿಯೇ ಬೇಗ ಇಳಿಯುತ್ತದೆ, ನೀರೂ ಬೇಗ ಆರುತ್ತದೆ.

ಕೆರೆ ತುಂಬಿದೆ, ಹೂಳೆಷ್ಟು?

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ನಮ್ಮ ಬ್ಯಾಟರಿ ಕೈಕೊಟ್ಟ ದಿನದ ಬೆಳಿಗ್ಗೆ ಇನ್ವರ್ಟರಿನ ಹಸಿರು ದೀಪ ‘ಪೂರ್ತಿ ಚಾರ್ಜು’ ಎಂದೇ ತೋರಿಸಿತ್ತು. ಅದು ಸುಳ್ಳು ಹೇಳಿತೇ? ಇಲ್ಲ ಎಂದರು ರಾಯರು. ಹೂಳು ತುಂಬಿದ ಕೆರೆಯೂ ಕೋಡಿ ಬೀಳುತ್ತದೆ. ನೋಡುವವರಿಗೆ ಕೆರೆ ತುಂಬಿದೆ. ತೂಬು ತೆಗೆದರೆ ಒಂದೇ ದಿನದಲ್ಲಿ ಖಾಲಿ. ಪ್ಲೇಟುಗಳು ಒಣಗಿ, ಸಲ್ಫೇಟು ಗಟ್ಟಿಯಾಗಿ, ಲೇಪ ಉದುರಿ ತಳದಲ್ಲಿ ನಿಜವಾಗಿಯೂ ಹೂಳಿನಂತೆ ಕೂತ ಬ್ಯಾಟರಿಯ ಸ್ಥಿತಿಯೂ ಅದೇ. ಹೈಡ್ರೋಮೀಟರೂ ವೋಲ್ಟ್‌ಮೀಟರೂ ಹೇಳುವುದು ನೀರಿನ ಮಟ್ಟವನ್ನು. ಕೆರೆಯ ಆಳ ತಿಳಿಯಬೇಕಾದರೆ ಖಾಲಿ ಮಾಡಿ ನೋಡುವುದೊಂದೇ ದಾರಿ.

ವಿಮಾನದಲ್ಲಿ ಇದು ಪ್ರಾಣದ ಪ್ರಶ್ನೆ. ಎಂಜಿನ್ ಸ್ಟಾರ್ಟ್ ಮಾಡುವುದು ಬ್ಯಾಟರಿಯ ಒಂದು ಕೆಲಸ ಅಷ್ಟೆ. ಹಾರಾಟದ ನಡುವೆ ಜನರೇಟರ್ ಕೆಟ್ಟರೆ ರೇಡಿಯೋ, ದಿಕ್ಕು ತೋರಿಸುವ ಉಪಕರಣ, ದೀಪ ಎಲ್ಲಕ್ಕೂ ಬ್ಯಾಟರಿಯೊಂದೇ ಗತಿ. ಪೈಲಟ್ ಎಲ್ಲಾದರೂ ಇಳಿಯುವವರೆಗೆ, ಅಂದರೆ ಸುಮಾರು ಅರ್ಧ ಗಂಟೆಯಾದರೂ, ಅದು ಈ ಹೊರೆ ಹೊರಬೇಕು. ಅದಕ್ಕಾಗಿ ನಿಗದಿತ ಅವಧಿಗೊಮ್ಮೆ ಬ್ಯಾಟರಿಯನ್ನು ಬಿಚ್ಚಿ ಕೋಣೆಗೆ ತಂದು, ಪೂರ್ತಿ ಚಾರ್ಜು ಮಾಡಿ, ಕೊಂಚ ಹೊತ್ತು ಸುಮ್ಮನೆ ಬಿಟ್ಟು, ಆಮೇಲೆ ಒಂದು ಗಂಟೆಯಲ್ಲಿ ಖಾಲಿಯಾಗಬೇಕಾದಷ್ಟು ಕರೆಂಟನ್ನು ಒಂದೇ ಸಮನೆ ಎಳೆಯುತ್ತಾರೆ. 24 ವೋಲ್ಟಿನದಾದರೆ ವೋಲ್ಟೇಜು 20ಕ್ಕೆ, 12 ವೋಲ್ಟಿನದಾದರೆ 10ಕ್ಕೆ ಇಳಿಯುವವರೆಗೆ ಎಷ್ಟು ನಿಮಿಷ ಎಂದು ಗಡಿಯಾರ ನೋಡುತ್ತಾರೆ. 60 ನಿಮಿಷ ಬಂದರೆ ನೂರಕ್ಕೆ ನೂರು. 48 ನಿಮಿಷಕ್ಕಿಂತ, ಅಂದರೆ ಶೇಕಡಾ 80ಕ್ಕಿಂತ ಕಡಿಮೆ ಬಂದರೆ ಆ ಬ್ಯಾಟರಿ ಮತ್ತೆ ಹಾರುವಂತಿಲ್ಲ. ಕೆಲವು ತಯಾರಕರು 85 ಕೇಳುತ್ತಾರೆ. ಮೊದಲ ಸಲ ತಪ್ಪಿದ್ದಕ್ಕೆ ಇನ್ನೊಮ್ಮೆ ಚಾರ್ಜು ಕೊಟ್ಟು ಅವಕಾಶ ಕೊಡುವುದುಂಟು. ಆಗಲೂ ಬಾರದಿದ್ದರೆ ಗುಜರಿ.

ಇನ್ನೊಂದು ನಿಯಮವನ್ನು ರಾಯರು ಒತ್ತಿ ಹೇಳಿದರು. ಪೂರ್ತಿ ಕೂತುಹೋದ ಬ್ಯಾಟರಿಯಿರುವ ವಿಮಾನವನ್ನು ಹೊರಗಿನ ವಿದ್ಯುತ್ತು ಕೊಟ್ಟು ಸ್ಟಾರ್ಟ್ ಮಾಡಬಹುದು, ಆದರೆ ಹಾಗೆಯೇ ಹಾರಿಸಬಾರದು. ಎಂಜಿನ್ ಓಡುತ್ತದೆ ನಿಜ. ಕಷ್ಟಕಾಲದ ಗಂಟು ಮಾತ್ರ ಖಾಲಿ. ಅಂದು ರಾತ್ರಿ ನಾವು ಮಾಡಿದ್ದು ಅದನ್ನೇ. ಜೀಪು ನೂಕಿ ಹೊರಟೆವು. ಆ ತಿರುವುಗಳ ರಸ್ತೆಯಲ್ಲಿ ಎಂಜಿನ್ ಒಮ್ಮೆ ನಿಂತಿದ್ದರೆ ಏರಿನಲ್ಲಿ ನೂಕುವವರು ಯಾರಿದ್ದರು?

ಮನೆಯ ಬ್ಯಾಟರಿಗೆ ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಸುಲಭವಾಗಿ ಮಾಡಿಕೊಳ್ಳಬಹುದು. ಹೊಸ ಬ್ಯಾಟರಿ ತಂದ ಮೊದಲ ತಿಂಗಳಲ್ಲಿಯೇ, ಪೂರ್ತಿ ಚಾರ್ಜಾದ ಮೇಲೆ, ಮೇನ್ ಸ್ವಿಚ್ಚು ತೆಗೆದು 100 ವ್ಯಾಟಿನ ಎರಡು ಹಳೆಯ ತಂತಿ ಬಲ್ಬುಗಳನ್ನು ಇನ್ವರ್ಟರಿಗೆ ಹಚ್ಚಬೇಕು. ಬೇರೆ ಏನೂ ಇರಬಾರದು. ಇನ್ವರ್ಟರ್ ತಾನಾಗಿ ನಿಲ್ಲುವವರೆಗೆ ಎಷ್ಟು ಹೊತ್ತು ಎಂದು ಬರೆದಿಡಬೇಕು. ಆಮೇಲೆ ಪ್ರತಿ ಮೇ ತಿಂಗಳಲ್ಲಿ ಅದೇ ಬಲ್ಬುಗಳು, ಅದೇ ಪರೀಕ್ಷೆ. ಮೊದಲ ಅಂಕಿಯ ಶೇಕಡಾ 80ಕ್ಕೆ ಇಳಿದರೆ ವಿಮಾನದವರು ಬಿಸಾಡುತ್ತಾರೆ. ನಾವು ಅಷ್ಟು ದುಂದು ಮಾಡಬೇಕಾಗಿಲ್ಲ. ದೀಪಕ್ಕೆ ಮಾತ್ರವಾದರೆ ಅರ್ಧಕ್ಕೆ ಇಳಿಯುವವರೆಗೂ ತಳ್ಳಬಹುದು. ಮನೆಯಲ್ಲಿ ನಮ್ಮಂತೆ ರೋಗಿಗಳಿದ್ದರೆ ವಿಮಾನದವರ ಲೆಕ್ಕವನ್ನೇ ಹಿಡಿಯುವುದು ಲೇಸು ಎಂದು ನಮ್ಮ ಅಭಿಪ್ರಾಯ. ಪರೀಕ್ಷೆ ಮುಗಿದ ಕ್ಷಣದಿಂದಲೇ ಚಾರ್ಜು ಆರಂಭವಾಗಬೇಕು. ಆದ್ದರಿಂದ ವಿದ್ಯುತ್ತು ನಿಲುಗಡೆಯಿಲ್ಲದ ದಿನ ನೋಡಿಕೊಳ್ಳಿ. ತಿಂಗಳಿಗೊಮ್ಮೆ ಹೀಗೆ ಖಾಲಿ ಮಾಡುತ್ತ ಕೂರಬಾರದು, ಅದರಿಂದಲೇ ಬ್ಯಾಟರಿ ಸವೆಯುತ್ತದೆ. (ತಂತಿ ಬಲ್ಬು ಈಗ ಅಂಗಡಿಯಲ್ಲಿ ಅಪರೂಪ. ನಮಗೆ ರಾಯರ ಅಟ್ಟದಲ್ಲಿ ಸಿಕ್ಕಿದವು.)

ಚಾರ್ಜು ಮಾಡುವ ಕ್ರಮ

ವಿಮಾನದೊಳಗೆ ಹಾರಾಟದ ಹೊತ್ತಿನಲ್ಲಿ ಜನರೇಟರು 14 ಅಥವಾ 28 ವೋಲ್ಟಿನ ಆಸುಪಾಸಿನಲ್ಲಿ ಒಂದೇ ಸಮ ವೋಲ್ಟೇಜು ಕೊಡುತ್ತದೆ. ಬ್ಯಾಟರಿ ತನಗೆ ಬೇಕಾದಷ್ಟು ಕರೆಂಟು ಎಳೆದುಕೊಂಡು, ತುಂಬಿದಂತೆ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಜೀಪಿನಲ್ಲಿಯೂ ಇದೇ ಏರ್ಪಾಡು. ಬ್ಯಾಟರಿ ಕೋಣೆಯಲ್ಲಿ ಮಾತ್ರ ಇನ್ನೊಂದು ವಿಧ: ಕರೆಂಟನ್ನು ಸ್ಥಿರವಾಗಿಟ್ಟು ನಿಧಾನವಾಗಿ ತುಂಬಿಸುವುದು. ಸೊರಗಿದ ಬ್ಯಾಟರಿಗೆ ಈ ನಿಧಾನದ ಚಾರ್ಜೇ ಔಷಧಿ. ಗಂಟೆಗೊಮ್ಮೆ ಸಾಂದ್ರತೆ ನೋಡಿ ಬರೆಯುತ್ತಾರೆ. ಮೂರು ಸಲ ಬರೆದ ಅಂಕಿ ಒಂದೇ ಇದ್ದರೆ ತುಂಬಿತು ಎಂದು ಅರ್ಥ. ದ್ರವದ ಉಷ್ಣತೆ 50 ಡಿಗ್ರಿ ಸಮೀಪಿಸಿದರೆ ಕರೆಂಟು ತಗ್ಗಿಸಬೇಕು, ಇಲ್ಲವೆ ನಿಲ್ಲಿಸಿ ಆರಲು ಬಿಡಬೇಕು.

ಮನೆಯ ಲೆಕ್ಕ ಹೀಗೆ: 150 ಆಂಪಿಯರ್-ಗಂಟೆಯ ಬ್ಯಾಟರಿಗೆ ಸುಮಾರು ಹತ್ತನೆಯ ಒಂದು ಪಾಲು, ಅಂದರೆ 15 ಆಂಪಿಯರ್ ಚಾರ್ಜು ಹಿತ. ಅರ್ಧ ಖಾಲಿಯಾಯಿತೆಂದಿಟ್ಟುಕೊಳ್ಳಿ, 75 ಆಂಪಿಯರ್-ಗಂಟೆ ಹೋಯಿತು. ಮರಳಿ ತುಂಬಲು ಅಷ್ಟೇ ಸಾಲದು. ದಾರಿಯಲ್ಲಿ ಸೋರಿಕೆ ಇರುವುದರಿಂದ 85ರಿಂದ 90ರಷ್ಟು ಬೇಕು. ಕೊನೆಗೆ ಕರೆಂಟು ತಾನಾಗಿ ಕುಗ್ಗುವುದನ್ನೂ ಸೇರಿಸಿದರೆ ಎಂಟು ಹತ್ತು ಗಂಟೆ ವಿದ್ಯುತ್ತು ಬೇಕು. ಆರಿದ್ರಾ, ಪುನರ್ವಸು ಮಳೆಗಳಲ್ಲಿ ನಮ್ಮ ಕಡೆ ದಿನಕ್ಕೆ ಎರಡು ಮೂರು ಗಂಟೆ ವಿದ್ಯುತ್ತು ಬಂದರೆ ಪುಣ್ಯ; ಬಂದರೂ ವೋಲ್ಟೇಜು ತೀರ ಕಡಿಮೆಯಿದ್ದರೆ ಇನ್ವರ್ಟರ್ ಚಾರ್ಜು ಮಾಡುವುದೇ ಇಲ್ಲ. ಹೀಗಿರಲಾಗಿ ದಿನದಿನಕ್ಕೂ ಅರೆಹೊಟ್ಟೆಯಲ್ಲಿಯೇ ಇರುವ ಬ್ಯಾಟರಿ ಎರಡು ತಿಂಗಳಲ್ಲಿ ಸಲ್ಫೇಟುಗಟ್ಟಿ ಸೊರಗುವುದು ಆಶ್ಚರ್ಯವಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಆ ಎರಡು ತಿಂಗಳು ಟೆಲಿವಿಷನ್ನು, ಫ್ಯಾನು, ಮಿಕ್ಸಿಗಳನ್ನು ಇನ್ವರ್ಟರಿನಿಂದ ಬಿಡಿಸಿ, ದೀಪ, ಫೋನು ಮತ್ತು ರೋಗಿಯ ಯಂತ್ರಕ್ಕೆ ಮಾತ್ರ ಮೀಸಲಿಡಿ. ಜನರೇಟರ್ ಇದ್ದವರು ವಾರಕ್ಕೊಮ್ಮೆಯಾದರೂ ಪೂರ್ತಿ ಚಾರ್ಜು ಕೊಡಿ. ಮಳೆ ನಿಂತು ವಿದ್ಯುತ್ತು ಸರಿಹೋದೊಡನೆ ಒಂದು ದಿನವಿಡೀ ಬಿಡದೆ ಚಾರ್ಜು ಮಾಡಿ ಹೈಡ್ರೋಮೀಟರಿನಿಂದ ಎಲ್ಲ ಸೆಲ್ಲುಗಳನ್ನೂ ಅಳೆಯಿರಿ. ಐದು ಸೆಲ್ಲು ಸಮವಾಗಿದ್ದು ಒಂದು ಮಾತ್ರ 0.050ಕ್ಕಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ರೋಗ ಅಲ್ಲಿದೆ.

ನೀರು ಹಾಕುವುದಕ್ಕೂ ಕ್ರಮವಿದೆ. ಚಾರ್ಜಾಗುವಾಗ ದ್ರವದ ಮಟ್ಟ ಏರುತ್ತದೆ. ಮೊದಲೇ ಕಂಠದವರೆಗೆ ತುಂಬಿಸಿದರೆ ಆಮ್ಲ ಹೊರಚೆಲ್ಲುತ್ತದೆ. ಆದ್ದರಿಂದ ಪ್ಲೇಟು ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಚಾರ್ಜು ಮುಗಿದ ಮೇಲೆ ಗುರುತಿನವರೆಗೆ ತುಂಬಿಸಬೇಕು. ಹಾಕುವುದು ಬಟ್ಟಿ ಇಳಿಸಿದ ನೀರೇ ಆಗಬೇಕು, ಪ್ಲಾಸ್ಟಿಕ್ಕಿನ ಲಾಳಿಕೆಯಲ್ಲಿ. ನಮ್ಮ ಜಂಬಿಟ್ಟಿಗೆ ನೆಲದ ಬಾವಿ ನೀರು ಕುಡಿಯಲು ಎಷ್ಟು ಸೊಗಸಾಗಿದ್ದರೂ ಅದರಲ್ಲಿ ಕಬ್ಬಿಣದ ಅಂಶವಿರುತ್ತದೆ; ಕಬ್ಬಿಣ ಹೊಕ್ಕ ಬ್ಯಾಟರಿ ಕೂತಲ್ಲಿಯೇ ಇಳಿಯುತ್ತದೆ. ನೀರಿನ ಕ್ಲೋರೈಡು ಪ್ಲೇಟನ್ನು ತಿನ್ನುತ್ತದೆ. ಹೆಂಚಿನ ಮೇಲಿಂದ ಹಿಡಿದ ಮಳೆನೀರು ಆಗದೇ ಎಂದು ನಾವೂ ಕೇಳಿದೆವು. ಹೆಂಚಿನ ಮೇಲೆ ಏನೆಲ್ಲ ಬಿದ್ದಿರುತ್ತದೆ ಎಂದು ರಾಯರು ತಿರುಗಿ ಕೇಳಿದರು.

ಆಮ್ಲವನ್ನಂತೂ ಎಂದೂ ಸೇರಿಸಬಾರದು. ಆರಿಹೋಗುವುದು ನೀರು ಮಾತ್ರ. ಆಮ್ಲ ಅಲ್ಲಿಯೇ ಇರುತ್ತದೆ. ‘ಗ್ರಾವಿಟಿ ಕಡಿಮೆ ಇದೆ, ಸ್ವಲ್ಪ ಆಸಿಡ್ ಬಿಟ್ಟು ಕೊಡುತ್ತೇನೆ’ ಎನ್ನುವ ರಸ್ತೆಬದಿಯ ದುರಸ್ತಿಗೆ ಒಪ್ಪಬೇಡಿ. ಅಂಕಿ ಏರುತ್ತದೆ, ಬ್ಯಾಟರಿ ಬೇಗ ಸಾಯುತ್ತದೆ. ಕಾರ್ಖಾನೆಯಲ್ಲಿ ಗಟ್ಟಿ ಆಮ್ಲವನ್ನು ತೆಳು ಮಾಡುವಾಗಲೂ ಆಮ್ಲವನ್ನು ನೀರಿಗೆ ಸುರಿಯುತ್ತಾರೆ, ನೀರನ್ನು ಆಮ್ಲಕ್ಕೆ ಸುರಿದರೆ ಕುದಿದು ಮುಖಕ್ಕೆ ಎರಚುತ್ತದೆ. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯಬೇಕೇ ಹೊರತು ತಿರುಗಿಸಿ ಸುರಿಯಬಾರದೆಂದು ಬಲ್ಲ ನಮಗೆ ಸುರಿಯುವ ಕ್ರಮದ ಬೆಲೆ ಹೊಸದಾಗಿ ಹೇಳಬೇಕಾಗಿಲ್ಲ.

ಮೈಲುತುತ್ತದ ಮಾತು ಬಂದದ್ದರಿಂದ ಇನ್ನೊಂದು. ಬ್ಯಾಟರಿಯ ಕೊಂಡಿಗಳಲ್ಲಿ ನೀಲಿ ಹಸಿರು ಹೂವಿನಂತೆ ಬೆಳೆಯುತ್ತದಲ್ಲ, ಅದು ತಾಮ್ರದ ತಂತಿಗೆ ಗಂಧಕಾಮ್ಲ ತಾಗಿ ಹುಟ್ಟಿದ ಸಾಕ್ಷಾತ್ ಮೈಲುತುತ್ತವೇ. ಬಿಳಿಯದು ಸೀಸದ ಸಲ್ಫೇಟು. ಅಡಿಗೆ ಸೋಡವನ್ನು ನೀರಿನಲ್ಲಿ ಕಲಸಿ ಹಳೆಯ ಬ್ರಷ್ಷಿನಿಂದ ಉಜ್ಜಿದರೆ ನೊರೆಯೆದ್ದು ಹೋಗುತ್ತದೆ. ನೊರೆ ನಿಂತರೆ ಆಮ್ಲ ಮುಗಿಯಿತು ಎಂದು ತಿಳಿಯಬಹುದು. ಸೋಡದ ಒಂದು ಹನಿಯೂ ಸೆಲ್ಲಿನೊಳಗೆ ಬೀಳದಂತೆ ಮುಚ್ಚಳ ಬಿಗಿದಿರಬೇಕು. ಒರೆಸಿ ಒಣಗಿಸಿ ಕೊಂಡಿ ಬಿಗಿದು ಪೆಟ್ರೋಲಿಯಂ ಜೆಲ್ಲಿ ಸವರಿ. ನಮ್ಮ ಜೀಪು ಅಂದು ರಾತ್ರಿ ಟಿಕ್ ಎಂದದ್ದಕ್ಕೆ ಅರ್ಧ ಕಾರಣ ಇದೇ ಎಂದು ಆಮೇಲೆ ತಿಳಿಯಿತು.

ಬೆಂಕಿಯ ಭಯ

ಚಾರ್ಜು ಕೊನೆಗೆ ಬಂದಾಗ, 12 ವೋಲ್ಟಿನ ಬ್ಯಾಟರಿ 14.4 ವೋಲ್ಟಿನ ಹತ್ತಿರವಾದಾಗ, ಗುಳ್ಳೆಗಳೇಳುತ್ತವೆ. ನೀರು ಒಡೆದು ಜಲಜನಕ, ಆಮ್ಲಜನಕಗಳಾಗುತ್ತಿದೆ ಎಂದರ್ಥ. ಗಾಳಿಯಲ್ಲಿ ನೂರಕ್ಕೆ 4 ಪಾಲು ಜಲಜನಕ ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ವಿಮಾನದವರ ಬ್ಯಾಟರಿ ಕೋಣೆಯಲ್ಲಿ ಗಾಳಿ ಎಳೆಯುವ ಫ್ಯಾನು ನಿಲ್ಲುವಂತಿಲ್ಲ. ಬೀಡಿ, ಸಿಗರೇಟು ಬಾಗಿಲಿನಿಂದಾಚೆಗೆ. ನಮ್ಮ ಎಷ್ಟೋ ಮನೆಗಳಲ್ಲಿ ಬ್ಯಾಟರಿ ಇರುವುದು ಬಾಗಿಲು ಮುಚ್ಚಿದ ಕಪಾಟಿನಲ್ಲಿ; ದೇವರ ಕೋಣೆಯ ಮೂಲೆಯಲ್ಲಿ, ನಂದಾದೀಪದ ಪಕ್ಕದಲ್ಲಿ ಇಟ್ಟವರನ್ನೂ ಕಂಡಿದ್ದೇವೆ. ಇಂದೇ ಅದನ್ನು ಗಾಳಿಯಾಡುವ ಜಗುಲಿಗೋ ಹಿತ್ತಿಲ ಕಡೆಯ ಮೊಗಸಾಲೆಗೋ ಸ್ಥಳಾಂತರಿಸಿ. ಕತ್ತಲೆಯಲ್ಲಿ ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರಬೇಡಿ. ಕೊಂಡಿ ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಜೀಪಿನಲ್ಲಿಯೂ ವಿಮಾನದಲ್ಲಿಯೂ ಇದೇ ಕ್ರಮ, ಸ್ಪ್ಯಾನರ್ ಮೈಗೆ ತಾಗಿದರೂ ಕಿಡಿ ಹಾರದಿರಲೆಂದು.

ಆಮ್ಲ ಕಣ್ಣಿಗೆ ಸಿಡಿದರೆ ಧಾರಾಳ ನೀರಿನಿಂದ, ಕಾಲು ಗಂಟೆಯಾದರೂ ಬಿಡದೆ, ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಸೋಡದ ನೀರು ನೆಲಕ್ಕೆ, ಬಟ್ಟೆಗೆ, ಕಣ್ಣಿಗಲ್ಲ.

ಬೇಲಿಯ ಬ್ಯಾಟರಿ, ಮತ್ತೆ ಕೆಲವು

ಆನೆ ಕಾಟವಿರುವ ಕೊಡಗು, ಸಕಲೇಶಪುರ, ಆಲೂರು ಕಡೆಯ ಸದಸ್ಯರು ಸೋಲಾರ್ ಬೇಲಿಯ ಬ್ಯಾಟರಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಬೇಲಿಯ ಯಂತ್ರ ಸೆಕೆಂಡಿಗೆ ಸುಮಾರು ಒಂದರಂತೆ ಸಾವಿರಾರು ವೋಲ್ಟಿನ ಕ್ಷಣಮಾತ್ರದ ಹೊಡೆತ ಕೊಡುತ್ತದೆ. ಅದು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಆಷಾಢದ ಮೋಡದಲ್ಲಿ ಫಲಕಕ್ಕೆ ಬಿಸಿಲಿಲ್ಲ, ಬೇಲಿಗೆ ತಾಗಿ ಬೆಳೆದ ಹಸಿ ಬಳ್ಳಿಗಳಿಂದ ವಿದ್ಯುತ್ತು ನೆಲಕ್ಕೆ ಸೋರುತ್ತದೆ, ಬ್ಯಾಟರಿ ಮೌನವಾಗಿ ಇಳಿಯುತ್ತದೆ. ಬಳ್ಳಿ ಸವರುವುದೂ ಬ್ಯಾಟರಿಯ ಆರೈಕೆಯೇ. ಬ್ಯಾಟರಿ ಕೈಕೊಟ್ಟಿತೆಂದು ಮನೆಯ ಲೈನನ್ನು ನೇರವಾಗಿ ಬೇಲಿಗೆ ಕೊಡುವ ಅಪರಾಧವನ್ನು ಯಾರೂ ಮಾಡಬಾರದು. ಅದಕ್ಕೆ ಆನೆಯಷ್ಟೇ ಅಲ್ಲ, ಹುಲ್ಲು ಕೊಯ್ಯಲು ಹೋದ ಹೆಂಗಸರೂ ಬಲಿಯಾಗುತ್ತಾರೆ.

ನೀರು ಹಾಕುವ ತೊಂದರೆಯಿಲ್ಲದ ಮುಚ್ಚಿದ ಬ್ಯಾಟರಿಗಳು ಈಗ ಸಣ್ಣ ವಿಮಾನಗಳಲ್ಲಿಯೂ ಬಂದಿವೆ. ಅವುಗಳಿಗೆ ಹೈಡ್ರೋಮೀಟರ್ ಇಳಿಸುವಂತಿಲ್ಲ, ಹೆಚ್ಚು ವೋಲ್ಟೇಜು ಕೊಟ್ಟು ಒಣಗಿಸಿದರೆ ತಿರುಗಿ ನೀರು ಹಾಕುವಂತೆಯೂ ಇಲ್ಲ. ಖಾಲಿ ಮಾಡಿ ನೋಡುವ ಪರೀಕ್ಷೆಯಿಂದ ಮಾತ್ರ ಅವುಗಳಿಗೂ ಬಿಡುಗಡೆಯಿಲ್ಲ. ದೊಡ್ಡ ಜೆಟ್ ವಿಮಾನಗಳಲ್ಲಿ ಬಹುವಾಗಿ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. ಅದರಲ್ಲಿರುವುದು ಆಮ್ಲವಲ್ಲ, ಕ್ಷಾರ. ಆದ್ದರಿಂದ ಎರಡು ಜಾತಿಗೂ ಬೇರೆ ಕೋಣೆ, ಬೇರೆ ಹೈಡ್ರೋಮೀಟರ್, ಬೇರೆ ಸ್ಪ್ಯಾನರ್; ಮಡಿ ಮೈಲಿಗೆ ಎಂದು ರಾಯರು ನಗುತ್ತಿದ್ದರು. ಲಿಥಿಯಂ ಹಗುರ, ಈಗ ಮನೆಯ ಇನ್ವರ್ಟರುಗಳಿಗೂ ಬರುತ್ತಿದೆ. ಆದರೂ 2013ರ ಜನವರಿಯಲ್ಲಿ ಬೋಯಿಂಗ್ 787 ವಿಮಾನಗಳ ಲಿಥಿಯಂ ಬ್ಯಾಟರಿಗಳು ಬಾಸ್ಟನ್ನಿನಲ್ಲಿ ಒಮ್ಮೆ, ಜಪಾನಿನಲ್ಲಿ ಒಮ್ಮೆ ಕಾದು ಹೊಗೆಯೆದ್ದು, ಏರ್ ಇಂಡಿಯಾದವೂ ಸೇರಿ ಜಗತ್ತಿನ ಎಲ್ಲ 787ಗಳೂ ಕೆಲವು ತಿಂಗಳು ನೆಲದ ಮೇಲೆ ನಿಲ್ಲಬೇಕಾಯಿತು. ಅದಂತಿರಲಿ, ಬ್ಯಾಟರಿಯ ಜಾತಿಗೆ ತಕ್ಕ ಚಾರ್ಜರು ಇಲ್ಲದೆ ಹಳೆಯ ಇನ್ವರ್ಟರಿಗೆ ಲಿಥಿಯಂ ಜೋಡಿಸಬೇಡಿ.

ಸತ್ತ ಬ್ಯಾಟರಿಯನ್ನು ಏನು ಮಾಡುವುದು? 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅದನ್ನು ಮನೆಯ ಕಸದೊಡನೆ ಸೇರಿಸುವಂತಿಲ್ಲ. ಹೊಸದನ್ನು ಕೊಳ್ಳುವಾಗ ಮಾರುವವರಿಗೆ ಹಿಂದಿರುಗಿಸಿ, ಸೀಸದ ಬೆಲೆಯೂ ಕಳೆಯುತ್ತದೆ. ಕೆಲವರು ಹೊರಲು ಹಗುರವಾಗಲೆಂದು ಆಮ್ಲವನ್ನು ತೋಟದ ಕಪ್ಪಿಗೆ ಸುರಿದು ಡಬ್ಬಿ ಮಾತ್ರ ಒಯ್ಯುತ್ತಾರೆ. ಆ ಆಮ್ಲದೊಡನೆ ಸೀಸವೂ ಮಣ್ಣಿಗೆ ಇಳಿಯುತ್ತದೆ, ಮಣ್ಣಿನಿಂದ ಹೋಗುವುದಿಲ್ಲ. ಸಣ್ಣ ಮಕ್ಕಳ ಬುದ್ಧಿ ಬೆಳವಣಿಗೆಯನ್ನೇ ಅದು ಕುಂಠಿತಗೊಳಿಸುತ್ತದೆ.

ನಮ್ಮ ಹಳೆಯ ಬ್ಯಾಟರಿಗೆ ರಾಯರು ಮೂರು ದಿನ ನಿಧಾನವಾಗಿ ಚಾರ್ಜು ಕೊಟ್ಟು ನೋಡಿದರು. ಎರಡು ಬಲ್ಬಿಗೆ ಐವತ್ತು ನಿಮಿಷ ಬಂತು. ಅದನ್ನು ಹಿಂದಿರುಗಿಸಿ ಹೊಸದು ತಂದೆವು. ಹೊಸದು ಅದೇ ಎರಡು ಬಲ್ಬಿಗೆ 6 ಗಂಟೆ 40 ನಿಮಿಷ ಉರಿಯಿತು. ಪ್ರತಿ ತಿಂಗಳ ಮೊದಲ ಭಾನುವಾರ ಮುಚ್ಚಳ ತೆಗೆದು ನೋಡುವ ಕೆಲಸವನ್ನು ತಂದೆಯವರೇ ವಹಿಸಿಕೊಂಡಿದ್ದಾರೆ. ಆರು ಸೆಲ್ಲಿನ ಆರು ಅಂಕಿಗಳನ್ನು ಗೋಡೆಯ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಈ ಮೇ ತಿಂಗಳ ಪರೀಕ್ಷೆಯಲ್ಲಿ ಬಂದದ್ದು 6 ಗಂಟೆ 25 ನಿಮಿಷ.